ಗಡಿಗೆಯ ಕಂಠದಲ್ಲಿದ್ದದ್ದು

ಅನಸವ್ವನ ಮನೆಗೆ ಹೆಪ್ಪು ಕೇಳಲು ಬಂದವರು ಹೊಸ್ತಿಲಾಚೆ ಒಂದು ಗಳಿಗೆ ನಿಲ್ಲಬೇಕಾಗುತ್ತಿತ್ತು. ಒಳಗೆ ಗೋಡೆಗೆ ಆತು ಕುಳಿತ ಅತ್ತೆ ಮುದಕವ್ವ ಹೆಸರುಗಳನ್ನು ಹೇಳಿ ಮುಗಿಸುವ ತನಕ ಮೊಸರಿನ ಬಟ್ಟಲು ಹೊಸ್ತಿಲು ದಾಟುತ್ತಿರಲಿಲ್ಲ.

“ಗೌರವ್ವನಿಂದ ಸಂಗವ್ವ, ಸಂಗವ್ವನಿಂದ ಬಾಳವ್ವ, ಬಾಳವ್ವನಿಂದ ನೀಲವ್ವ, ನೀಲವ್ವನಿಂದ ಮುದಕವ್ವ, ಮುದಕವ್ವನಿಂದ ಅನಸವ್ವ. ತಗೋ, ಕೆಡಿಸಬ್ಯಾಡ.”

ಎಲ್ಲರೂ ಆ ಮನೆಗೆ ಸೊಸೆಯರಾಗಿ ಬಂದವರು. ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ, ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ, ಒಂದು ದಿನವೂ ತಪ್ಪದೆ ನಡೆದು ಬಂದ ಹೆಪ್ಪು. ಮುದಕವ್ವನ ಕಣ್ಣಿಗೆ ಪೊರೆ ಬಂದು ಬೆಳಕೂ ನೆರಳೂ ಬೆರೆತು ಹೋಗಿದ್ದವು. ಹೆಸರುಗಳು ಮಾತ್ರ ನಾಲಿಗೆಯ ಮೇಲೆ ಸಾಲಾಗಿ ಕುಳಿತಿದ್ದವು. ಬೀಳಗಿ ಬಸ್‌ಸ್ಟ್ಯಾಂಡಿನಲ್ಲಿ ಮೊಸರು ಮಾರಲು ಅನಸವ್ವ ಗಡಿಗೆ ಇಳಿಸಿದರೆ ಸಾಕು, ಜಮಖಂಡಿ ಕಡೆಯ ಬಸ್ಸಿನ ಕಂಡಕ್ಟರು ಸೀಟಿ ಊದುವುದನ್ನು ಬಿಟ್ಟು ಡಬ್ಬಿ ಹಿಡಿದು ಇಳಿದು ಬರುತ್ತಿದ್ದ. ವೈಶಾಖದ ಬಿಸಿಲಲ್ಲಿ ಬೇರೆಯವರ ಮೊಸರು ಎರಡನೆಯ ದಿನಕ್ಕೇ ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಗುತ್ತಿತ್ತು. ಅನಸವ್ವನ ಮೊಸರು ಮೂರನೆಯ ದಿನವೂ ಸೌಮ್ಯವಾಗಿರುತ್ತಿತ್ತು.

ಆದರೆ ಆ ಹೆಸರುಗಳ ಸಾಲಿನಲ್ಲಿ, ಮುದಕವ್ವನಿಗೂ ಅನಸವ್ವನಿಗೂ ನಡುವೆ, ಎಳೆ ಕಡಿದಿತ್ತು. ಅದು ಅನಸವ್ವನಿಗೊಬ್ಬಳಿಗೇ ಗೊತ್ತಿತ್ತು.

ಅದು ಊರು ಬಿಟ್ಟ ದಿನದ ಮಾತು. ಗಲಗಲಿಯಿಂದ ಕೆಳಗೆ ಹೊಳೆದಂಡೆಗೆ ಅವರ ಊರು. ಆಲಮಟ್ಟಿಯ ಹಿನ್ನೀರು ಹೊಲದ ಬದು ಮುಟ್ಟುತ್ತದೆ ಎಂದು ನೋಟೀಸು ಬಂದ ಮೇಲೂ ಮುದಕವ್ವ ಹೊಳೆಯಂಚಿನ ಪಟ್ಟಿಯಲ್ಲಿ ಮೆಣಸಿನ ಸಸಿ ನೆಟ್ಟಿದ್ದಳು. ಆಗ ಅವಳ ಕಣ್ಣು ಚೆನ್ನಾಗಿತ್ತು. “ಮುಂದಿನ ವರ್ಷ ಈ ಹೊಲದಾಗ ಮೀನು ಬರತಾವು, ಮೆಣಸಿನಕಾಯಿ ಯಾರು ತಿನ್ನವರಬೇ?” ಎಂದು ಮಗ, ಅನಸವ್ವನ ಗಂಡ ಪಾಂಡಪ್ಪನೇ ನಕ್ಕಿದ್ದ. “ಮೀನಿಗೂ ಖಾರ ಬೇಕಾಗತೈತಿ, ಸುಮ್ನಿರು” ಎಂದಿದ್ದಳು. ಎರಡು ಚೀಲ ಕಾಯಿ ಬಂದವು. ಒಣಗಿಸಿ, ಒಂದನ್ನು ಮಾರಿ, ಒಂದನ್ನು ಸಾಮಾನಿನ ಜೊತೆ ಟ್ರ್ಯಾಕ್ಟರಿಗೆ ಏರಿಸಿದರು.

ಎರಡು ಸಾವಿರದ ಒಂದನೇ ಇಸವಿ, ಕಾರಹುಣ್ಣಿಮೆಗೆ ಇನ್ನೂ ವಾರವಿತ್ತು. ಹೊರಡುವ ಮುಂಜಾನೆ ಊರಿನ ಹೆಂಗಸರೆಲ್ಲ ಹೊಳೆಗೆ ಉಡಿ ತುಂಬಲು ಹೋದರು. ಕುಪ್ಪಸದ ಕಣ, ಬಳೆ, ಅರಿಶಿನ ಕುಂಕುಮ, ಕೊನೆಗೆ ಮೊಸರನ್ನದ ಬುತ್ತಿ. ಎಲ್ಲರೂ ಅಂಗೈಯಗಲದ ಬುತ್ತಿ ಬಿಟ್ಟರು. ಅನಸವ್ವನಿಗೆ ಅದು ಸಣ್ಣದೆನಿಸಿತು. ಮದುವೆಯಾಗಿ ಬಂದ ದಿನದಿಂದ ನೀರು ಕೊಟ್ಟ ಹೊಳೆ, ಎಮ್ಮೆಯ ಮೈ ತೊಳೆದ ಹೊಳೆ. ಗಡಿಗೆಯನ್ನೇ ಎತ್ತಿ, ಮೊಸರನ್ನೆಲ್ಲ ನೀರಿಗೆ ಸುರಿದುಬಿಟ್ಟಳು. ಬಿಳಿ ಮೋಡವೊಂದು ನೀರೊಳಗೆ ಬಿಚ್ಚಿಕೊಂಡು ನಿಧಾನಕ್ಕೆ ಕೆಳಗೆ ಹೋಯಿತು. ಹೆಪ್ಪಿಗೆಂದು ಮನೆಯಲ್ಲಿ ಚರಿಗೆಯೊಂದರಲ್ಲಿ ಎತ್ತಿಟ್ಟಿದ್ದಳಲ್ಲ, ಆ ಧೈರ್ಯ.

ಮರಳಿ ಬಂದು ನೋಡಿದರೆ ಚರಿಗೆ ಬೂದಿ ಹಚ್ಚಿ ತಿಕ್ಕಿಸಿಕೊಂಡು ಬೋರಲು ಬಿದ್ದಿತ್ತು. “ಸಾಮಾನು ಹೇರಾಕ ಬಂದವ್ರು ಹಸದಿದ್ರು. ರೊಟ್ಟಿಗಿ ಹಚ್ಚಿಕೊಟ್ಟೆ” ಎಂದ ಪಾಂಡಪ್ಪ, ಉಪಕಾರ ಮಾಡಿದವನ ಮುಖದಲ್ಲಿ.

ಅಂದು ಶುಕ್ರವಾರ. ಶುಕ್ರವಾರ ಯಾರೂ ಮನೆಯಿಂದ ಹೆಪ್ಪು ಹೊರಗೆ ಕೊಡುವುದಿಲ್ಲ. ಕೊಟ್ಟರೂ, ಊರಿಗೇ ಹೆಪ್ಪು ಕೊಡುವ ಮನೆಯ ಸೊಸೆ ಯಾವ ಬಾಯಿಂದ ಕೇಳುವುದು? ಪುನರ್ವಸತಿ ಕೇಂದ್ರದ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ಮೇಲೆ, ಉಳಿದ ಹಾಲು ಉಗುರು ಬೆಚ್ಚಗಾದಾಗ, ತವರಿನಲ್ಲಿ ತಾಯಿ ಅಡಚಣೆಗೆ ಮಾಡುತ್ತಿದ್ದುದು ನೆನಪಾಯಿತು. ಚೀಲದ ಬಾಯಿ ಬಿಚ್ಚಿ, ತೊಟ್ಟು ಗಟ್ಟಿಯಾಗಿರುವ ಎರಡು ಒಣಮೆಣಸಿನಕಾಯಿ ಆರಿಸಿ, ಹಾಲಿನಲ್ಲಿ ಮುಳುಗಿಸಿ, ಗಡಿಗೆಗೆ ಬಟ್ಟೆ ಕಟ್ಟಿದಳು. ಮರುದಿನ ನೀರುನೀರಾದ, ಸಣ್ಣಗೆ ಘಮ್ಮೆನ್ನುವ ಏನೋ ಒಂದು ಆಗಿತ್ತು. ಅದನ್ನೇ ಮತ್ತೆ ಹಾಲಿಗೆ, ಮತ್ತೆ ಹಾಲಿಗೆ.

ಪ್ರಯಾಣದ ಜ್ವರದಲ್ಲಿ ಮಲಗಿದ್ದ ಮುದಕವ್ವ ಐದನೆಯ ದಿನ ಎದ್ದು ಒಂದು ಬೆರಳು ಮೊಸರು ನೆಕ್ಕಿದಳು. “ರುಚಿ ಬ್ಯಾರೆ ಹತ್ತತೈತಿ” ಎಂದಳು. ಅನಸವ್ವ ಹೇಳಿಬಿಡಬೇಕೆಂದು ಬಾಯಿ ತೆರೆದಳು. “ನೀರು ಹೊಸಾದು, ಅದಕ್ಕ” ಎಂದು ಮುದಕವ್ವ ತಾನೇ ಸಮಾಧಾನ ಹೇಳಿಕೊಂಡು, ಆಮೇಲೆ ಸೆರಗು ಬಾಯಿಗೊತ್ತಿ ಅತ್ತಳು. “ಊರಾಗಿಂದು ಇದೊಂದಾರ ಉಳೀತು ನೋಡ, ಅನಸೂ.”

ಆ ಮಾತಿನ ಮೇಲೆ ಏನು ಹೇಳುವುದು? ಹನ್ನೊಂದು ವರ್ಷ ಹೇಳಲಿಲ್ಲ.

ಬ್ರಾಹ್ಮಿ ಬಂದದ್ದು ಹನ್ನೆರಡನೆಯ ವರ್ಷ. ತೇರದಾಳದ ಜೈನರ ಹುಡುಗಿ, ಜಮಖಂಡಿಯಲ್ಲಿ ಕಾಲೇಜು ಓದಿ, ಧಾರವಾಡದಲ್ಲಿ ಸಂಶೋಧನೆಗೆ ಸೇರಿದವಳು. ಬೀಳಗಿ ಬಸ್‌ಸ್ಟ್ಯಾಂಡಿನಲ್ಲಿ ಮೊಸರು ತಿಂದು, ಬೆರಳು ಚೀಪಿ, “ಅಕ್ಕಾರ, ಇದು ಎಂದು ಹೆಪ್ಪು ಹಾಕಿದ್ದು?” ಎಂದಳು. “ಮೊನ್ನಿದು” ಎಂದಳು ಅನಸವ್ವ. ಹುಡುಗಿ ನಂಬಲಿಲ್ಲ. ಮರುದಿನ ಐಸು ತುಂಬಿದ ಥರ್ಮಾಕೋಲ್ ಡಬ್ಬಿ ಹೊತ್ತು ಮನೆಗೇ ಬಂದಳು.

“ಮೊಸರಿನಾಗ ಏನು ಹುಡುಕತೀಯವಾ?” ಎಂದು ಮುದಕವ್ವ ಕೇಳಿದಳು.

“ಅದರಾಗಿನ ಜೀವ, ಆಯಿ. ಕಣ್ಣಿಗಿ ಕಾಣಂಗಿಲ್ಲ. ಒಂದು ಚಮಚದಾಗ ನಮ್ಮ ದೇಶದ ಮಂದಿಗಿಂತ ಹೆಚ್ಚು ಇರತಾವ.”

“ತಿಂದವ್ರ ಗತಿ?”

“ಏನೂ ಆಗಂಗಿಲ್ಲ, ಛಲೋನೇ. ನಮ್ಮಜ್ಜಿ ಮಾತ್ರ ಮೊಸರಿನಾಗ ಜೀವ ಅದಾವ ಅಂತ ಎರಡು ದಿನದ್ದು ಮುಟ್ಟಂಗಿಲ್ಲ. ನಾ ಅವನ್ನ ಎಣಸಾಕ ಹೋಗೇನಿ ಅಂತ ನನ್ನ ಕೂಡ ಮಾತು ಬಿಟ್ಟಾಳ.”

ಮುದಕವ್ವ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಆಮೇಲೆ ಹೆಸರುಗಳನ್ನು ಹೇಳಿದಳು. ಬ್ರಾಹ್ಮಿ ಬರೆದುಕೊಂಡಳು. ಈ ಹೆಪ್ಪು ಬೇರೆ ಯಾರ ಮನೆಯಲ್ಲಿದೆ ಎಂದು ಕೇಳಿದಳು. ಹಳೆಯ ಊರಿನಿಂದ ಮದುವೆಯಾಗಿ ಹೋದ ನಾಲ್ವರು ಹೆಣ್ಣುಮಕ್ಕಳು, ಒಬ್ಬಳು ಜಮಖಂಡಿಗೆ, ಒಬ್ಬಳು ಮುಧೋಳಕ್ಕೆ, ಒಬ್ಬಳು ಮಹಾಲಿಂಗಪುರಕ್ಕೆ, ಒಬ್ಬಳು ಬನಹಟ್ಟಿಗೆ, ಉಡಿಯಲ್ಲಿ ಹೆಪ್ಪಿನ ಬಟ್ಟಲು ಇಟ್ಟುಕೊಂಡೇ ಹೋಗಿದ್ದರು. ಮುದಕವ್ವ ಓಣಿಯ ಗುರುತು ಸಹಿತ ಹೇಳಿದಳು. “ಅವರ ಗಡಿಗಿನೂ ನೋಡ. ಎಲ್ಲಾ ಒಂದ ತಾಯಿ ಮಕ್ಕಳು.”

ಅನಸವ್ವ ಸೋಸುತ್ತಿದ್ದ ಚಹಾ ಬಟ್ಟಲಿನ ಹೊರಗೆ ಚೆಲ್ಲಿತು. ಆ ನಾಲ್ಕು ಗಡಿಗೆಗಳಲ್ಲಿ ಇರುವುದು ನಿಜವಾದ ಹೆಪ್ಪು. ಇಲ್ಲಿರುವುದು ಅದಲ್ಲ. ಹುಡುಗಿಯ ಯಂತ್ರಗಳು ಅದನ್ನು ಹೇಳಿದರೆ, ಹೇಳುವುದು ಮುದಕವ್ವನ ಎದುರಿಗೇ.

ಎರಡು ತಿಂಗಳ ಮೇಲೆ ಬ್ರಾಹ್ಮಿ ಮತ್ತೆ ಬಂದಾಗ ಮುಖ ಬಾಡಿತ್ತು. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಕುಳಿತು, ಎಮ್ಮೆಗೆ ಹಿಂಡಿ ಕಲಸುತ್ತಿದ್ದ ಅನಸವ್ವನಿಗೆ ಎಲ್ಲವನ್ನೂ ಹೇಳಿದಳು. ಪ್ರತಿ ಜೀವದೊಳಗೂ ಅದರ ಕುಲ, ಕಸುಬು ಬರೆದಿಟ್ಟ ಉದ್ದನೆಯ ಎಳೆ ಇರುತ್ತದೆ. ಯಂತ್ರ ಅದನ್ನು ಓದುತ್ತದೆ. ಮೊಸರಿನೊಳಗೆ ಯಾರು ಯಾರಿದ್ದಾರೆ, ಯಾರು ಏನು ತಿನ್ನಬಲ್ಲರು, ತಿಂದು ಏನು ಬಿಡುತ್ತಾರೆ, ಎಲ್ಲವೂ ಅದರಲ್ಲಿದೆ. ಅದನ್ನೆಲ್ಲ ಕಂಪ್ಯೂಟರಿಗೆ ಕೊಟ್ಟರೆ ಅದು ಗಡಿಗೆಯೊಳಗಿನ ಸಂಸಾರವನ್ನು ತಾನೇ ನಡೆಸಿ ನೋಡುತ್ತದೆ.

“ಉಳಿದ ನಾಲ್ಕು ಮನಿ ಮೊಸರು ಕಂಪ್ಯೂಟರ್ ಹೇಳಿದಂಗ ನಡದಾವರಿ. ನಿಮ್ಮದು ಮಾತ್ರ ತಾಳ ಬೀಳವಲ್ದು. ಅದು ಎರಡನೇ ದಿನಕ್ಕ ಹುಳಿ ಆಗಬೇಕು ಅಂತೈತಿ. ನಿಮ್ಮ ಮನ್ಯಾಗ ಆಗಂಗಿಲ್ಲ. ಯಾರೋ ಹುಳಿ ತಿನ್ನಾಕತ್ತಾರ, ಆದ್ರ ಪಟ್ಟಿಯಾಗ ಅವರ ಹೆಸರಿಲ್ಲ. ನಾ ಒಯ್ದ ಮೊಸರಿಂದ ಲ್ಯಾಬಿನಾಗ ದಿನಾ ಹೆಪ್ಪು ಹಾಕಿದ್ರ ಆರನೇ ದಿನಕ್ಕ ಒಡದು ನೀರಾಗತೈತಿ.” ಅವಳು ಮೂಗು ಒರೆಸಿಕೊಂಡಳು. “ಐಸಿನಾಗ ಕೆಟ್ಟಿರಬೇಕು, ಈ ಗಡಿಗಿ ಬಿಟ್ಟುಬಿಡು ಅಂತಾರ ನಮ್ಮ ಸರ್.”

ಅನಸವ್ವನ ಎದೆಯಿಂದ ಒಂದು ಕಲ್ಲು ಇಳಿದಂತಾಯಿತು. ಬಿಟ್ಟುಬಿಡಲಿ. ಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ.

“ನಮ್ಮ ಗಡಿಗಿ ಬಿಡತೀಯಾ?” ಒಳಗಿನಿಂದ ಮುದಕವ್ವನ ದನಿ ಬಂತು. ಗೋಡೆ ಹಿಡಿದು ಬಾಗಿಲಿಗೆ ಬಂದಿದ್ದಳು. “ಮಕ್ಕಳನ್ನ ಇಟ್ಕೊಂಡು ತಾಯೀನ ಹೊರಗ ಹಾಕತೀಯಾ? ನಮ್ಮ ಹೆಪ್ಪು ಕೆಟ್ಟೈತಿ ಅಂತ ಯಾರಂದ್ರ? ಅನಸೂ, ಹೇಳ ಬೇ!”

ಅನಸವ್ವ ಹಿಂಡಿಯ ಬಕೆಟ್ಟಿನಲ್ಲಿ ಕೈ ಅದ್ದಿಕೊಂಡೇ ನಿಂತಳು. ಬಾಯಿ ಮುಚ್ಚಿಕೊಂಡರೆ ತಾನು ಉಳಿಯುತ್ತಾಳೆ. ಆದರೆ ಆ ಹುಡುಗಿ ಹೇಳಿದ ಆರನೆಯ ದಿನದ ಒಡಕು, ಅದರ ಕಾರಣ, ಅವಳಿಗೆ ಕೇಳುತ್ತಲೇ ಹೊಳೆದುಹೋಗಿತ್ತು. ಹನ್ನೊಂದು ವರ್ಷ ಅಂಗೈಯಲ್ಲಿಟ್ಟು ಸಾಕಿದ್ದನ್ನು ಕೆಟ್ಟದ್ದೆಂದು ಬರೆದು ಎಸೆಯುತ್ತಾರೆ ಎನ್ನುವುದನ್ನು ಅವಳ ಕೈ ಒಪ್ಪಲಿಲ್ಲ.

“ತಂಗಿ, ನೀ ಮೊಸರು ಎಲ್ಲಿಂದ ತಗದಿ?”

“ಗಡಿಗಿ ನಟ್ಟನಡುವಿಂದರಿ. ಮ್ಯಾಲೆ ಗಾಳಿ, ಧೂಳ ಕುಂತಿರತಾವಲ್ಲ. ನಡುವಿನದು ಸ್ವಚ್ಛ.”

“ಅಯ್ಯ ನನ್ನವ್ವ! ಹೆಪ್ಪು ನಡುವಿಂದ ತಗೀತಾರೇನು?” ಅನಸವ್ವ ಕೈ ತೊಳೆದು ಒಳಗೆ ಹೋಗಿ ಗಡಿಗೆ ತಂದಳು. ಬಾಯಿಯ ಕೆಳಗೆ, ಕಂಠ ಸಣ್ಣಗಾಗುವಲ್ಲಿ, ಕೆನೆ ಗೋಡೆಗೆ ಅಂಟುವ ಕಡೆ ಒಂದು ತೆಳುವಾದ ಬಿಳಿ ಪಟ್ಟಿ ಇತ್ತು. ಹೆಬ್ಬೆರಳಿನಿಂದ ಅದನ್ನು ಒರೆಸಿ ತೆಗೆದು ತೋರಿಸಿದಳು. “ಇದು. ಇದನ್ನ ಹಾಕಲಿಲ್ಲಂದ್ರ ನಂದೂ ಕೆಡತೈತಿ. ಮಳಿಗಾಲದಾಗ ಒಂದು ಸಲ ಗಡಿಗಿ ಕಂಠ ತಿಕ್ಕಿ ತೊಳದುಬಿಟ್ಟಿದ್ದೆ, ವಾರದಾಗ ಕೆಟ್ಟಿತ್ತು. ಹಳೇ ಗಡಿಗೀದು ಒರಸಿ ಹಾಕಿದ ಮ್ಯಾಲೆ ಸುಧಾರಿಸಿತು.”

ಬ್ರಾಹ್ಮಿ ಆ ಹೆಬ್ಬೆರಳನ್ನೇ ನೋಡುತ್ತ ಕುಳಿತಳು. “ಇದನ್ನ ಯಾರು ಹೇಳಿಕೊಟ್ರರಿ ನಿಮಗ?”

“ಯಾರಿಲ್ಲ. ಕೆಟ್ಟು ಕೆಟ್ಟು ಗೊತ್ತಾತು.”

ಬ್ರಾಹ್ಮಿ ಮೂರನೆಯ ಸಲ ಬಂದದ್ದು ಸುಗ್ಗಿಯ ಹೊತ್ತಿಗೆ, ಲ್ಯಾಪ್‌ಟಾಪ್ ಹಿಡಿದು. ನಡುಮನೆಯಲ್ಲಿ ಕೌದಿ ಹಾಸಿ ಮೂವರೂ ಕುಳಿತರು. ಪರದೆಯ ಮೇಲೆ ಚುಕ್ಕೆಗಳು, ದೊಡ್ಡವು, ಸಣ್ಣವು. ಚುಕ್ಕೆಯಿಂದ ಚುಕ್ಕೆಗೆ ಬಣ್ಣದ ಗೆರೆಗಳು ಸಣ್ಣಗೆ ಹರಿಯುತ್ತಿದ್ದವು, ಹೊಲದ ಸಾಲುಗಳಲ್ಲಿ ನೀರು ಬಿಟ್ಟಂತೆ.

“ಇದು ನಿಮ್ಮ ಗಡಿಗಿ ಒಳಗ, ಅಕ್ಕಾರ. ಈ ದೊಡ್ಡವು ಎಲ್ಲಾರ ಮನಿ ಮೊಸರಿನಾಗೂ ಅದಾವ. ಹಾಲಿನ ಸಿಹಿ ತಿಂತಾವ, ಹುಳಿ ಬಿಡತಾವ. ತಾವ ಬಿಟ್ಟ ಹುಳಿಯೊಳಗ ತಾವ ಸಾಯತಾವ. ಈ ಸಣ್ಣದು ನೋಡ್ರಿ, ಮೂಲಿಯಾಗ. ಇದು ನಿಮ್ಮ ಕಂಠದಾಗಿಂದು. ಒಂದು ಥರದ ಹುದುಗು ಬರಿಸೋ ಜೀವ. ಇದಕ್ಕ ಗಾಳಿ ಬೇಕು, ಅದಕ್ಕ ಅಂಚಿನಾಗ ಕುಂತಿರತೈತಿ. ಅವು ಬಿಟ್ಟ ಹುಳಿ ಇದರ ಊಟ. ಇದು ತಿಂದು ಬಿಟ್ಟದ್ದು ಅವುಗಳ ಊಟ. ಸಾವಿರಕ್ಕ ಒಂದೂ ಇಲ್ಲ ಇದು. ಈಗ ನೋಡ್ರಿ, ಇದನ್ನ ತಗೀತೇನಿ.”

ಅವಳು ಒಂದು ಗುಂಡಿ ಒತ್ತಿದಳು. ಸಣ್ಣ ಚುಕ್ಕೆ ಆರಿತು. ಏನೂ ಆಗಲಿಲ್ಲ. ಮೂಲೆಯಲ್ಲಿ ದಿನಗಳ ಅಂಕಿ ಓಡುತ್ತಿತ್ತು: ಎರಡು, ಮೂರು. ಒಂದು ಗೆರೆ ಸಣ್ಣಗಾಗಿ ನಿಂತಿತು. ಅದರ ತುದಿಯ ಚುಕ್ಕೆ ಮಸುಕಾಯಿತು. ನಾಲ್ಕು. ಅದನ್ನು ನಂಬಿದ್ದ ಎರಡು ಆರಿದವು. ಐದು. ಆಮೇಲೆ ದೊಡ್ಡವು, ಒಂದಾದ ಮೇಲೊಂದು, ಅಂಚಿನಿಂದ ನಡುವಿಗೆ. ಆರು. ಪರದೆಯೆಲ್ಲ ಬೂದಿಯ ಬಣ್ಣ.

ಅನಸವ್ವ ಇದನ್ನು ಮೊದಲೇ ಕಂಡಿದ್ದಳು. ಊರು ಮುಳುಗುವ ಮುಂಚಿನ ವರ್ಷ ಮೊದಲು ಹೋದವನು ಕುಂಬಾರ ನಿಂಗಣ್ಣ, ಒಂದೇ ಮನೆ. ಯಾರಿಗೂ ಅದು ದೊಡ್ಡದೆನಿಸಲಿಲ್ಲ. ಆಮೇಲೆ ಹಿಟ್ಟಿನ ಗಿರಣಿ ನಿಂತಿತು, ಶಾಲೆಗೆ ಮಾಸ್ತರರು ಬರುವುದು ನಿಂತಿತು, ಬಸ್ಸು ಊರಬಾಗಿಲ ಅಗಸೆಯ ತನಕ ಬರುವುದು ನಿಂತಿತು. ನೀರು ಬರುವ ಮೊದಲೇ ಊರು ಆರಿತ್ತು.

“ವಾಪಸ್ ಹಾಕ ತಂಗಿ, ಅದನ್ನ” ಎಂದಳು.

ಬ್ರಾಹ್ಮಿ ಗುಂಡಿ ಒತ್ತಿದಳು. ಮೂಲೆಯ ಸಣ್ಣ ಚುಕ್ಕೆ ಹೊತ್ತಿಕೊಂಡಿತು. ಅದರಿಂದ ಒಂದು ಗೆರೆ, ಆ ಗೆರೆಯ ತುದಿಗೆ ಬೆಳಕು, ಅಲ್ಲಿಂದ ಇನ್ನೊಂದು. ಸಂಜೆ ಕರೆಂಟು ಬಂದಾಗ ಓಣಿಯ ಮನೆಗಳು ಹೊತ್ತಿಕೊಳ್ಳುವ ಹಾಗೆ ಗಡಿಗೆಯೆಲ್ಲ ಬೆಳಗಿತು. ಅನಸವ್ವ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ದಿನಾ ಮುಂಜಾನೆ, ನಿದ್ದೆಗಣ್ಣಿನಲ್ಲಿ, ಈ ಬೆರಳಿನ ತುದಿಯಲ್ಲಿ ತಾನು ಒರೆಸಿ ತೆಗೆಯುತ್ತಿದ್ದುದು ಇದನ್ನು. ಇಷ್ಟೆಲ್ಲವನ್ನು.

“ಆಯಿ, ಇನ್ನೊಂದು ಐತಿ” ಎಂದಳು ಬ್ರಾಹ್ಮಿ, ಈಗ ಮೆಲ್ಲಗೆ. “ಈ ಸಣ್ಣದು ಆ ನಾಲ್ಕೂ ಮನ್ಯಾಗ ಇಲ್ಲ. ದೊಡ್ಡವುಗಳ ಎಳಿ ಓದಿದ್ರೂ ಹಂಗ. ಆ ನಾಲ್ಕೂ ಒಂದ ತಾಯಿ ಮಕ್ಕಳು, ನೀವು ಅಂದದ್ದು ಖರೆ. ಇದು ಅವರ ಬಳಗದ್ದಲ್ಲ.”

ಮುದಕವ್ವನ ಕೈ ಕೌದಿಯ ಹೊಲಿಗೆಯ ಮೇಲೆ ನಿಂತಿತು. “ಯಂತ್ರ ತಪ್ಪಿರಬೇಕು.”

“ಇರಬಹುದು, ಆಯಿ. ಮತ್ತೊಮ್ಮೆ ನೋಡತೇನಿ.”

ತಪ್ಪಿಸಿಕೊಳ್ಳಲು ಹುಡುಗಿಯೇ ಒಂದು ಬಾಗಿಲು ತೆರೆದಿಟ್ಟಿದ್ದಳು. ಯಂತ್ರ ತಪ್ಪಿತು ಎಂದರೆ ಮುಗಿಯುತ್ತಿತ್ತು. ಆದರೆ ಪರದೆಯ ಮೇಲೆ ಚುಕ್ಕೆಗಳು ಇನ್ನೂ ಬೆಳಗುತ್ತಿದ್ದವು. ಅಷ್ಟು ಖರೆಯಾದದ್ದರ ಎದುರು ಕುಳಿತು ಅದನ್ನು ತಪ್ಪು ಎನ್ನಲು ಅನಸವ್ವನಿಗೆ ಆಗಲಿಲ್ಲ.

“ಯಂತ್ರ ತಪ್ಪಿಲ್ಲ, ಅತ್ತಿ. ತಪ್ಪಿದಾಕಿ ನಾನು.”

ಹೊಳೆಗೆ ಸುರಿದದ್ದು, ಚರಿಗೆ, ಶುಕ್ರವಾರ, ಮೆಣಸಿನಕಾಯಿ, ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿದಾಗ ಹಿತ್ತಲಲ್ಲಿ ಎಮ್ಮೆ ಕಿವಿ ಬಡಿದದ್ದು ಕೇಳಿಸಿತು. ಮುದಕವ್ವ ಕೋಲು ತಡಕಿ, ಎದ್ದು, ಒಳಗೆ ಹೋದಳು.

ಬ್ರಾಹ್ಮಿ ಹಿತ್ತಲಿನ ಮೆಣಸಿನ ಗಿಡಗಳಿಂದ ತೊಟ್ಟು ಸಹಿತ ಹತ್ತು ಕಾಯಿ ಕಿತ್ತುಕೊಂಡು ಹೋದಳು. ಆ ಚೀಲದ ಬೀಜದಿಂದಲೇ ವರ್ಷವರ್ಷ ಬೆಳೆದು ಬಂದ ಗಿಡಗಳು ಅವು.

ಅಂದಿನಿಂದ ಮುದಕವ್ವ ಮೊಸರು ಮುಟ್ಟಲಿಲ್ಲ. ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಎಣ್ಣೆ. ಮಜ್ಜಿಗೆ ಬಟ್ಟಲು ಮುಂದಿಟ್ಟರೆ ಬೆರಳಿನಿಂದ ಬದಿಗೆ ಸರಿಸುತ್ತಿದ್ದಳು. ಬೈದಿದ್ದರೆ ಅನಸವ್ವ ತಡೆದುಕೊಳ್ಳುತ್ತಿದ್ದಳು. “ಎರಡು ಮಾತು ಬೈಯ್ರಿ ಅತ್ತಿ” ಎಂದು ಒಮ್ಮೆ ಕೇಳಿಯೂಬಿಟ್ಟಳು. ಮುದಕವ್ವ ಗೋಡೆಯತ್ತ ಮುಖ ತಿರುಗಿಸಿದಳು. ಓಣಿಯವರು ಹೆಪ್ಪಿಗೆ ಬಂದರೆ ಒಳಗಿನಿಂದ ಹೆಸರು ಕೇಳಿಸುತ್ತಿರಲಿಲ್ಲ. ಅವರು ಹೊಸ್ತಿಲಾಚೆ ಸುಮ್ಮನೆ ನಿಂತು, “ಆಯಿಗಿ ಆರಾಮಿಲ್ಲೇನು?” ಎನ್ನುತ್ತಿದ್ದರು.

ಇಪ್ಪತ್ತೆರಡನೆಯ ದಿನ ಪಾಂಡಪ್ಪನ ಮೊಬೈಲಿಗೆ ಬ್ರಾಹ್ಮಿಯ ಫೋನು ಬಂತು. ಎತ್ತಿದವರು ಯಾರೆಂದೂ ಅವಳು ಕೇಳಲಿಲ್ಲ. ಅವಳ ದನಿ ಎಷ್ಟು ಜೋರಾಗಿತ್ತೆಂದರೆ, ಅಡುಗೆಮನೆಯಲ್ಲಿದ್ದ ಅನಸವ್ವನಿಗೂ ಗೋಡೆಗಾತ ಮುದಕವ್ವನಿಗೂ ಒಂದೇ ಸಲಕ್ಕೆ ಕೇಳಿಸಿತು.

“ಅಕ್ಕಾರ, ತೊಟ್ಟಿನ ಬುಡದಾಗ ಸಿಕ್ಕಿತ್ರಿ! ಅದ, ಕಂಠದಾಗಿಂದು! ಎರಡರ ಎಳೀನೂ ಜೋಡಿಸಿ ನೋಡಿದೆ, ಅಕ್ಷರ ಅಕ್ಷರ ಒಂದ. ಜಮಖಂಡಿ ಪ್ಯಾಟಿ ಮೆಣಸಿನಕಾಯಿ ನೋಡಿದೆ, ಅವುಗಳಾಗ ಇಲ್ಲ. ನಿಮ್ಮ ಗಿಡದ್ದು ಮಾತ್ರ. ಬೀಜ ಹಿಡಕೊಂಡು ಹೊಳಿದಂಡಿಂದ ಬಂದಿರಬೇಕ್ರಿ. ಊರು ನೀರಾಗ ಹೋದ್ರೂ ಇದು ಚೀಲದಾಗ ಕುಂತು ಬಂದೈತಿ!”

ಫೋನು ಇಟ್ಟ ಮೇಲೆ ಅನಸವ್ವ ಹಿತ್ತಲಿಗೆ ಹೋಗಿ ಗಿಡದ ಮುಂದೆ ನಿಂತಳು. ಎಲೆಯ ಮರೆಯಲ್ಲಿ ನಾಲ್ಕು ಕೆಂಪು ಕಾಯಿ. ತೊಟ್ಟು ಹಸಿರು, ಬುಡದಲ್ಲಿ ಒಂದಿಷ್ಟು ಧೂಳು. ಬಗ್ಗಿ ಎಷ್ಟು ನೋಡಿದರೂ ಅಷ್ಟೇ ಕಾಣುತ್ತಿತ್ತು. ಈ ಧೂಳಿನಷ್ಟೂ ಇಲ್ಲದ್ದು ಒಂದು ಹೊಳೆದಂಡೆಯನ್ನು ಹೊತ್ತು ತಂದಿತ್ತು. ಹನ್ನೊಂದು ವರ್ಷ ಒಂದು ಗಡಿಗೆಯ ಅಂಚಿನಲ್ಲಿ ಕುಳಿತು ಒಂದು ಮನೆಗೆ ಅನ್ನ ಹಾಕಿತ್ತು. ಅವಳಿಗೆ ಕೈ ಮುಗಿಯಬೇಕೆನಿಸಿತು, ಯಾರಿಗೆಂದು ತಿಳಿಯಲಿಲ್ಲ.

ಹಿಂದೆ ಕೋಲಿನ ಸದ್ದಾಯಿತು.

“ಒಂದು ಕಾಯಿ ಕೊಡು.”

ಅನಸವ್ವ ಕಿತ್ತು ಅತ್ತೆಯ ಕೈಗಿಟ್ಟಳು. ಮುದಕವ್ವ ತೊಟ್ಟು ಮುರಿದು ಮೂಗಿಗೆ ಹಿಡಿದಳು. ಬಹಳ ಹೊತ್ತು ಹಾಗೇ ಹಿಡಿದಿದ್ದಳು.

“ಪಾಂಡ್ಯಾ ನಗತಿದ್ದ, ಮೀನಿಗಿ ಖಾರ ಬೇಕಾ ಅಂತ” ಎಂದಳು ಕೊನೆಗೆ. “ಬಗ್ಗಿ ಬಗ್ಗಿ ನನ್ನ ನಡು ಹೋಗಿತ್ತು, ಆ ಮೆಣಸಿನ ಅಗಿ ಹಚ್ಚುವಾಗ.”

“ಹೌದ್ರಿ, ಅತ್ತಿ.”

“ಆದ್ರೂ ನೀ ಆ ಐದನೇ ದಿನ ಹೇಳಬೇಕಾಗಿತ್ತು.”

“ಹೌದ್ರಿ.”

“ಹನ್ನೊಂದು ವರ್ಷ ಸತ್ತವರ ಹೆಸರು ಸುಳ್ಳಿಗೆ ಹೇಳಿಸಿದಿ ನನ್ನ ಕಡಿಂದ.”

ಮುದಕವ್ವ ಮುರಿದ ತೊಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಳಗೆ ಹೋದಳು.

ಮರುದಿನ ಮುಂಜಾನೆ ಪಕ್ಕದ ಮನೆಯ ಸುಂದರವ್ವ ಹೊಸ ಸೊಸೆಯನ್ನು ಕರೆದುಕೊಂಡು ಬಟ್ಟಲು ಹಿಡಿದು ಬಂದಳು. ಹುಡುಗಿ ರಬಕವಿಯ ಕಡೆಯವಳು, ಪದ್ಧತಿ ತಿಳಿಯದೆ ಹೊಸ್ತಿಲಿನ ಮೇಲೆ ಕಾಲಿಟ್ಟಳು. “ಏ, ನಿಲ್ಲ ಬೇ, ಹೊರಗ” ಎಂದು ಸುಂದರವ್ವ ಸೊಸೆಯ ಸೆರಗು ಜಗ್ಗಿದಳು. ಅನಸವ್ವ ಗಡಿಗೆಯ ಕಂಠಕ್ಕೆ ಹೆಬ್ಬೆರಳು ಒತ್ತಿ, ಒರೆಸಿ, ಬಟ್ಟಲಿಗಿಟ್ಟಳು. ಇನ್ನು ಮೌನವೇ ಎಂದುಕೊಂಡು ಬಟ್ಟಲನ್ನು ಮುಂದೆ ಚಾಚಿದಳು.

“ತಡಿ” ಎಂದಳು ಒಳಗಿನಿಂದ ಮುದಕವ್ವ.

ಬಟ್ಟಲು ಹೊಸ್ತಿಲಿನ ಮೇಲೆ, ಎರಡು ಕೈಗಳ ನಡುವೆ ನಿಂತಿತು.

“ಇದು ಹೊಳಿದಂಡಿ ಮೆಣಸಿನಕಾಯಿ ತೊಟ್ಟಿನ್ಯಾಗಿಂದು. ಅನಸವ್ವನಿಂದ ಸುರು. ತಗೋ, ಕೆಡಿಸಬ್ಯಾಡ.”

ಸುಂದರವ್ವ ತಿಳಿಯದೆ ಅನಸವ್ವನ ಮುಖ ನೋಡಿದಳು. ಹೊಸ ಸೊಸೆ ಮಾತ್ರ ಅದೇ ಮೊದಲ ಸಲ ಕೇಳುತ್ತಿದ್ದವಳು, ಪಾಠ ಒಪ್ಪಿಸುವಂತೆ ಮೆಲ್ಲಗೆ ಹೇಳಿಕೊಂಡಳು: “ಅನಸವ್ವನಿಂದ ಸುರು.” ಹೇಳಿ ಬಟ್ಟಲು ತೆಗೆದುಕೊಂಡಳು.

ಅವರು ಹೋದ ಮೇಲೆ ಮುದಕವ್ವ ಗೋಡೆಗಾತು ಕುಳಿತಲ್ಲಿಂದಲೇ ಅಂಗೈ ಚಾಚಿದಳು. ಅನಸವ್ವ ಅದರ ನಡುವೆ ಒಂದು ಚಮಚ ಮೊಸರು ಹಾಕಿ, ಎದುರು ಕುಕ್ಕರಗಾಲಿನಲ್ಲಿ ಕುಳಿತು, ಅತ್ತೆಯ ಬಾಯಿಯನ್ನೇ ನೋಡಿದಳು.